ಮಳೆ ನಕ್ಷತ್ರಕ್ಕೆ ಆರು ತಿಂಗಳು ಕೂಡಿಸಿ: ಮಲೆನಾಡಿನ ಅಂಗಳದಿಂದ ಆಕಾಶ ನೋಡಲು, ತೋರಿಸಲು ಕಲಿಯುವ ಬಗೆ

2018ರ ಮೇ ತಿಂಗಳು. ತೀರ್ಥಹಳ್ಳಿ–ಆಗುಂಬೆ ದಾರಿಯ ಒಳಗಿರುವ ನಮ್ಮ ಮನೆಯಲ್ಲಿ ಹೋಮ್‌ಸ್ಟೇ ಶುರುವಾಗಿ ಎರಡನೇ ಬೇಸಿಗೆ. ಬೆಂಗಳೂರಿನಿಂದ ಬಂದ ಒಂದು ಕುಟುಂಬ ಊಟ ಮುಗಿಸಿ ಅಂಗಳದಲ್ಲಿ ಕೂತಿತ್ತು. ಎಂಟೊಂಬತ್ತು ವರ್ಷದ ಹುಡುಗಿ ಮೇಲೆ ನೋಡಿ, "ಆಂಟಿ, ಅದು ಯಾವ ಸ್ಟಾರ್?" ಅಂದಳು. ತೋಟದ ಮೇಲೆ ಒಂದು ಚುಕ್ಕಿ ಎಲ್ಲದಕ್ಕಿಂತ ಜೋರಾಗಿ ಹೊಳೆಯುತ್ತಿತ್ತು. "ಅದು ಧ್ರುವ ನಕ್ಷತ್ರ ಪುಟ್ಟಾ" ಅಂದೆ. ಒಂಚೂರೂ ಅಳುಕಿಲ್ಲದೆ.

ಹುಡುಗಿಯ ಅಜ್ಜ ನಿವೃತ್ತ ಮೇಷ್ಟ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಕೇಳಿದರು: "ಅಮ್ಮಾ, ನಿಮ್ಮನೆ ಬಾಗಿಲು ಯಾವ ದಿಕ್ಕಿಗೆ?"

"ಪೂರ್ವಕ್ಕೆ."

"ಹಾಗಾದರೆ ನೀವು ತೋರಿಸಿದ್ದು ಆಗ್ನೇಯ. ಧ್ರುವ ಉತ್ತರದಲ್ಲಿ ಇರಬೇಕಲ್ವಾ?"

ನಾನು ತೋರಿಸಿದ್ದು ಗುರುಗ್ರಹ. ದಿಕ್ಕೂ ತಪ್ಪು, ಹೆಸರೂ ತಪ್ಪು, ಅದು ನಕ್ಷತ್ರ ಕೂಡ ಅಲ್ಲ. ಮೇಷ್ಟ್ರು ನಗಲಿಲ್ಲ, ಅದೇ ಹೆಚ್ಚು ನಾಚಿಕೆ ಆಯ್ತು.

ಮರುದಿನ ಬೆಳಿಗ್ಗೆ ಕಡುಬಿಗೆ ಹಿಟ್ಟು ಕಟ್ಟುತ್ತಾ ಅತ್ತೆಗೆ ಇದನ್ನು ಹೇಳಿದೆ. ಅವರು ತಲೆ ಎತ್ತದೆ ಹೇಳಿದರು: "ನಿಂಗೆ ಅಶ್ವಿನಿ ಭರಣಿ ಇಂದ ಹಿಡಿದು ಇಪ್ಪತ್ತೇಳೂ ಹೆಸರು ಬಾಯಿಪಾಠ ಬರ್ತದೆ. ಒಂದರದ್ದಾದರೂ ಮುಖ ನೋಡಿದೀಯನಾ?"

ನೋಡಿರಲಿಲ್ಲ. ನಿಮ್ಮಲ್ಲಿ ಹೆಚ್ಚಿನವರೂ ನೋಡಿರುವುದಿಲ್ಲ ಅಂತ ಧೈರ್ಯವಾಗಿ ಬರೆಯುತ್ತೇನೆ. ರೋಹಿಣಿ ಮಳೆ, ಮಘೆ ಮಳೆ, ಹಸ್ತದ ಮಳೆ ಅಂತ ದಿನಾ ಹೇಳುತ್ತೇವೆ. ಮನೆ ಮಕ್ಕಳ ಜನ್ಮನಕ್ಷತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಆದರೆ ಕತ್ತೆತ್ತಿ "ಅದೋ ರೋಹಿಣಿ" ಅನ್ನಲು ಬರುವುದಿಲ್ಲ. ಹೆಸರು ಆಗಲೇ ಕೈಯಲ್ಲಿದೆ, ಇನ್ನು ಮುಖ ಪರಿಚಯ ಮಾಡಿಕೊಳ್ಳಬೇಕಷ್ಟೇ. ನಾನು ಕಲಿತದ್ದು ಹೀಗೆ.

ಮೊದಲು ಜಾಗ

ಮಲೆನಾಡಿನಲ್ಲಿ ಕತ್ತಲೆಗೆ ಬರ ಇಲ್ಲ. ಆಕಾಶಕ್ಕೆ ಬರ! ನಮ್ಮ ಮನೆಗಳು ಇರುವುದೇ ಗುಡ್ಡಗಳ ನಡುವಿನ ತಗ್ಗಿನಲ್ಲಿ, ತೋಟದ ಪಕ್ಕ. ನೂರು ಅಡಿ ದೂರದಲ್ಲಿ ನಲವತ್ತು ಅಡಿಯ ಅಡಿಕೆ ಮರ ಇದ್ದರೆ ಆ ಕಡೆಯ ಆಕಾಶ 20 ಡಿಗ್ರಿಗೂ ಜಾಸ್ತಿ ಮುಚ್ಚಿಹೋಗುತ್ತದೆ. ಅಂಗಳದಲ್ಲಿ ನಿಂತರೆ ನೆತ್ತಿಯ ಮೇಲೆ ಒಂದು ತಟ್ಟೆಯಷ್ಟು ಆಕಾಶ. ಅಡಿಕೆ ಸುಗ್ಗಿಯಲ್ಲಿ ಅಂಗಳಕ್ಕೆ ಚಪ್ಪರ ಹಾಕಿದರೆ ಅದೂ ಇಲ್ಲ.

ಹಾಗಾಗಿ ಗದ್ದೆ ಬಯಲಿಗೆ ಹೋಗಿ. ಕೊಯ್ಲಾದ ಮೇಲೆ ಗದ್ದೆ ಒಣಗಿರುತ್ತದೆ, ನಾಲ್ಕು ಕಡೆ ತೆರವು. ಊರ ಮೇಲಿನ ಬ್ಯಾಣ, ಅಂದರೆ ಹುಲ್ಲುಗಾವಲೂ ಆಗುತ್ತದೆ. ದಕ್ಷಿಣದ ಕಡೆ ತೆರೆದಿದ್ದರೆ ಇನ್ನೂ ಒಳ್ಳೆಯದು, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಗುಡ್ಡದ ತುದಿಯ ವ್ಯೂಪಾಯಿಂಟ್, ಕೋಟೆ ಅಂತ ಆಸೆ ಪಡಬೇಡಿ. ಅರಣ್ಯ ಇಲಾಖೆಯ ಜಾಗಗಳಲ್ಲಿ ಅನುಮತಿ ಇಲ್ಲದೆ ರಾತ್ರಿ ಓಡಾಡುವ ಹಾಗಿಲ್ಲ. ಕಾಡುಕೋಣಕ್ಕೆ ನಿಮ್ಮ ನಕ್ಷತ್ರ ಪ್ರೀತಿ ಅರ್ಥವಾಗುವುದೂ ಇಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಮಗೆ ಆಕಾಶ ತೆರೆಯುವುದು ನವೆಂಬರ್ ಕೊನೆಯಿಂದ ಮೇ ತನಕ. ಮಂಗನ ಕಾಯಿಲೆಯ ಕಾಲವೂ ಸರಿಸುಮಾರು ಅದೇ. 1957ರಲ್ಲಿ ಈ ಕಾಯಿಲೆ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ, ಹರಡುವುದು ಕಚ್ಚುವ ಉಣ್ಣೆಹುಳದಿಂದ. ಆದ್ದರಿಂದ ದರಗೆಲೆ ಬಿದ್ದಿರುವ ಕಾಡಂಚಿನಲ್ಲಿ ಚಾಪೆ ಹಾಸಿ ಮಲಗಬೇಡಿ. ಗದ್ದೆಯಲ್ಲೂ ಮಂಚವೋ ಕುರ್ಚಿಯೋ ಇಟ್ಟುಕೊಳ್ಳಿ. ಉಣ್ಣೆ ಹತ್ತದ ಹಾಗೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿ, ಮನೆಗೆ ಬಂದು ಬಿಸಿನೀರು ಸ್ನಾನ ಮಾಡಿ. ಕಾಯಿಲೆ ಕಾಣಿಸಿಕೊಂಡ ವರ್ಷ ನಾನು ಅತಿಥಿಗಳನ್ನು ಸಾರಣೆ ಮಾಡಿದ ಅಂಗಳ ಬಿಟ್ಟು ಆಚೆ ಕರೆದುಕೊಂಡು ಹೋಗುವುದಿಲ್ಲ. ತಟ್ಟೆಯಷ್ಟೇ ಆಕಾಶ ಸಾಕು.

ಇನ್ನೊಂದು, ಅಕ್ಕಪಕ್ಕದ ಮನೆಗೆ ಮೊದಲೇ ಹೇಳಿಡಿ. ಮೊದಲ ವರ್ಷ ನಾನೂ ನಮ್ಮನೆಯವರೂ ರಾತ್ರಿ ಹತ್ತಕ್ಕೆ ಗದ್ದೆಯಲ್ಲಿ ಬ್ಯಾಟರಿ ಹಿಡಿದು ನಿಂತಿದ್ದಕ್ಕೆ, ಶಿಕಾರಿಯವರು ಬಂದಿದ್ದಾರೆ ಅಂತ ಆಚೆಮನೆಯ ಅಣ್ಣ ನಾಯಿ ಬಿಟ್ಟಿದ್ದರು.

ಕಣ್ಣಿಗೆ ಇಪ್ಪತ್ತು ನಿಮಿಷ ಕೊಡಿ

ಬೆಳಕಿನಿಂದ ಹೊರಗೆ ಬಂದ ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಮಧ್ಯೆ ಒಂದು ಸಲ ಮೊಬೈಲ್ ನೋಡಿದರೆ ಮತ್ತೆ ಮೊದಲಿಂದ. ಬ್ಯಾಟರಿಯ ಬಾಯಿಗೆ ಕೆಂಪು ಜಿಲೆಟಿನ್ ಕಾಗದ ಎರಡು ಪದರ ಕಟ್ಟಿ. ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕೆಂಪು ಬೆಳಕು ಅಷ್ಟಾಗಿ ತಾಗುವುದಿಲ್ಲ. ಆದರೆ ಗದ್ದೆಗೆ ನಡೆದು ಹೋಗುವಾಗ ಬಿಳಿ ಬೆಳಕೇ ಇರಲಿ, ಕಾಲಿಗೆ ಬೂಟು ಇರಲಿ. ಹಾವಿನ ವಿಷಯದಲ್ಲಿ ಶೋಕಿ ಬೇಡ.

ಮಸುಕಾದದ್ದನ್ನು ನೋಡಲು ಒಂದು ಉಪಾಯ ಇದೆ. ನೇರ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ. ಕಣ್ಣಂಚಿಗೆ ಅದು ಕಾಣುತ್ತದೆ. ಕೃತ್ತಿಕೆಯ ಗೊಂಚಲಿನಲ್ಲಿ ನೇರ ನೋಡಿದಾಗ ನನಗೆ ಐದು ಚುಕ್ಕಿ ಸಿಗುತ್ತವೆ, ಪಕ್ಕಕ್ಕೆ ನೋಡಿದರೆ ಏಳು.

ಅಳತೆಗೆ ಸ್ಕೇಲ್ ಬೇಡ, ಕೈ ಇದೆ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಕಿರುಬೆರಳು ಸುಮಾರು 1 ಡಿಗ್ರಿ. ಚಂದ್ರ ಅರ್ಧ ಡಿಗ್ರಿ ಮಾತ್ರ, ಅಂದರೆ ಕಿರುಬೆರಳಲ್ಲಿ ಹುಣ್ಣಿಮೆ ಚಂದ್ರ ಮುಚ್ಚಿಹೋಗುತ್ತಾನೆ. ನಂಬಿಕೆ ಬರದಿದ್ದರೆ ಇವತ್ತೇ ಮುಚ್ಚಿ ನೋಡಿ.

ಮಳೆ ಲೆಕ್ಕ

ಕಲಿಯಲು ಶುರುಮಾಡಿದ ಹೊಸತರಲ್ಲಿ ನಾನು ಒಂದು ದಡ್ಡತನ ಮಾಡಿದೆ. ಜೂನ್ ಕೊನೆಯಲ್ಲಿ ಆರಿದ್ರಾ ಮಳೆ ಹೊಯ್ಯುತ್ತಿತ್ತು. ಒಂದು ರಾತ್ರಿ ಅರ್ಧ ಗಂಟೆ ಮಳೆ ಬಿಟ್ಟು ಹೊಳವಾಯ್ತು. ಓಡಿ ಹೋಗಿ ಆರಿದ್ರಾ ಹುಡುಕಿದೆ. ಇಲ್ಲ! ಅತ್ತೆ ಜಗುಲಿಯಿಂದಲೇ ಕೂಗಿದರು: "ಎಂತ ಹುಡುಕ್ತೀಯ ಮಾರಾಯ್ತಿ? ಆರಿದ್ರಾ ಮಳೇಲಿ ಆರಿದ್ರಾ ಎಲ್ಲಿ ಕಾಣ್ತದೆ? ಅದು ಸೂರ್ಯನ ಜೊತೆ ಹೋಗಿರ್ತದೆ."

ಇಷ್ಟೇ ಗುಟ್ಟು. ಮಳೆಗೆ ನಕ್ಷತ್ರದ ಹೆಸರು ಬರುವುದು ಸೂರ್ಯ ಆಗ ಆ ನಕ್ಷತ್ರದ ಭಾಗದಲ್ಲಿ ಇರುತ್ತಾನೆ ಅಂತ. ಸೂರ್ಯನ ಸುತ್ತು 360 ಡಿಗ್ರಿ, ಭಾಗ 27. ಒಂದೊಂದರಲ್ಲಿ ಹದಿಮೂರು–ಹದಿನಾಲ್ಕು ದಿನ. ಜೂನ್ 22ರ ಹೊತ್ತಿಗೆ ಆರಿದ್ರಾ ಹುಟ್ಟಿದರೆ ಜುಲೈ 5ರ ತನಕ. ಆ ದಿನಗಳಲ್ಲಿ ಆ ನಕ್ಷತ್ರ ಹಗಲು ಸೂರ್ಯನ ಜೊತೆ ಮೂಡಿ, ಸೂರ್ಯನ ಜೊತೆಗೇ ಮುಳುಗುತ್ತದೆ. ರಾತ್ರಿ ಕಾಣುವ ಮಾತೇ ಇಲ್ಲ.

ಹಾಗಾದರೆ ಯಾವಾಗ ಕಾಣುತ್ತದೆ? ಆರು ತಿಂಗಳು ಕೂಡಿಸಿ. ಸೂರ್ಯ ಆಗ ಎದುರು ತುದಿಯಲ್ಲಿ ಇರುತ್ತಾನೆ. ಸಂಜೆ ಸೂರ್ಯ ಮುಳುಗುವಾಗ ಆ ನಕ್ಷತ್ರ ಪೂರ್ವದಲ್ಲಿ ಮೂಡುತ್ತದೆ, ರಾತ್ರಿಯಿಡೀ ಇರುತ್ತದೆ. ರೋಹಿಣಿ ಮಳೆ ಮೇ ಕೊನೆಯಲ್ಲಿ, ರೋಹಿಣಿ ನಕ್ಷತ್ರ ನವೆಂಬರ್ ಕೊನೆಯಲ್ಲಿ. ಆರಿದ್ರಾ ಡಿಸೆಂಬರ್ ಕೊನೆಗೆ. ಮಘೆ ಮಳೆ ಆಗಸ್ಟ್‌ನಲ್ಲಿ, ನಕ್ಷತ್ರ ಫೆಬ್ರವರಿಯಲ್ಲಿ. ಚಿತ್ತಾ ಮಳೆ ಅಕ್ಟೋಬರ್, ನಕ್ಷತ್ರ ಏಪ್ರಿಲ್. ಮಲೆನಾಡಿನವರಿಗೆ ಇದಕ್ಕಿಂತ ಸುಲಭದ ಪಟ್ಟಿ ಇನ್ನೊಂದು ಸಿಗಲಾರದು. ನಮ್ಮ ಪುಣ್ಯಕ್ಕೆ ಮಳೆಗಾಲದ ನಕ್ಷತ್ರಗಳೆಲ್ಲ ಹೊಳವಿನ ಕಾಲಕ್ಕೇ ಬಂದು ಕೂರುತ್ತವೆ.

ಆಮೇಲೆ ಒಂದು ಸಣ್ಣ ಲೆಕ್ಕ ನೆನಪಿರಲಿ. ನಕ್ಷತ್ರ ದಿನಕ್ಕೆ ಸುಮಾರು ನಾಲ್ಕು ನಿಮಿಷ ಬೇಗ ಮೂಡುತ್ತದೆ, ತಿಂಗಳಿಗೆ ಎರಡು ಗಂಟೆ. ಇವತ್ತು ಒಂಬತ್ತು ಗಂಟೆಗೆ ಇದ್ದ ಜಾಗಕ್ಕೆ ಬರುವ ತಿಂಗಳು ಏಳಕ್ಕೇ ಬಂದಿರುತ್ತದೆ.

ಕ್ಯಾಲೆಂಡರ್‌ನ ಚಂದ್ರ

ಇದು ನಾನೇ ಕಂಡುಕೊಂಡ ದಾರಿ ಅಂತ ಬಹಳ ದಿನ ಜಂಬ ಪಟ್ಟಿದ್ದೆ. ಅತ್ತೆಯ ತಂದೆ ಹೀಗೇ ಮಾಡುತ್ತಿದ್ದರಂತೆ.

ಗೋಡೆ ಕ್ಯಾಲೆಂಡರ್‌ನಲ್ಲಿ ದಿನದ ಚೌಕದೊಳಗೆ ತಿಥಿಯ ಜೊತೆ ಒಂದು ನಕ್ಷತ್ರದ ಹೆಸರು ಇರುತ್ತದಲ್ಲ, ಅದು ಚಂದ್ರನ ವಿಳಾಸ. ಚಂದ್ರ ಆಕಾಶ ಸುತ್ತಲು 27 ದಿನ ಚಿಲ್ಲರೆ ಬೇಕು, ದಿನಕ್ಕೊಂದು ಮನೆ. ಹಾಗಾಗಿ ಕ್ಯಾಲೆಂಡರ್‌ನಲ್ಲಿ "ರೋಹಿಣಿ" ಅಂತ ಇರುವ ದಿನ ರಾತ್ರಿ ಚಂದ್ರನನ್ನು ನೋಡಿ. ಅವನ ಹತ್ತಿರ ಕಿತ್ತಳೆ ಬಣ್ಣದ ಒಂದು ಹೊಳೆಯುವ ಚುಕ್ಕಿ ಇರುತ್ತದೆ. ಅದೇ ರೋಹಿಣಿ. ಅವಳ ಸುತ್ತಲಿನ ಗುರುತುಗಳನ್ನು ನೆನಪಿಟ್ಟುಕೊಳ್ಳಿ. ಎರಡು ವಾರ ಬಿಟ್ಟು, ಚಂದ್ರ ಇಲ್ಲದ ಕತ್ತಲಲ್ಲಿ ಮತ್ತೆ ಹುಡುಕಿ. ಸಿಕ್ಕರೆ ಅವಳು ಜೀವಮಾನ ಪೂರ್ತಿ ನಿಮ್ಮವಳು.

ಇದು ಐದು ನಕ್ಷತ್ರಕ್ಕೆ ಚೆನ್ನಾಗಿ ನಡೆಯುತ್ತದೆ: ಕೃತ್ತಿಕಾ, ರೋಹಿಣಿ, ಮಘಾ, ಚಿತ್ತಾ, ಜ್ಯೇಷ್ಠಾ. ಇವು ಚಂದ್ರನ ದಾರಿಯ ಪಕ್ಕದಲ್ಲೇ ಇವೆ. ಜ್ಯೇಷ್ಠೆಗೆ ಒಂದು ದಿನ ಮೊದಲೂ ನೋಡಿ. ಸ್ವಾತಿ, ಶ್ರವಣಕ್ಕೆ ಈ ಉಪಾಯ ಬೇಡ. ಅವು ದಾರಿಯಿಂದ ಮೂರು ಮುಷ್ಟಿಯಷ್ಟು ದೂರ, ಚಂದ್ರನ ಪಕ್ಕ ಹುಡುಕಿದರೆ ಮೋಸ ಹೋಗುತ್ತೀರಿ. ಚಂದ್ರನ ಬಳಿ ಗ್ರಹ ಬಂದು ಕೂತಿದ್ದರೂ ಮೋಸವೇ. ಗ್ರಹ ನಕ್ಷತ್ರದ ಹಾಗೆ ಮಿನುಗುವುದು ಕಡಿಮೆ, ನೆಟ್ಟಗೆ ಉರಿಯುತ್ತದೆ.

ತಿಂಗಳ ಹೆಸರೂ ಹೀಗೇ ಬಂದದ್ದು. ಕಾರ್ತಿಕದ ಹುಣ್ಣಿಮೆ ಚಂದ್ರ ಕೃತ್ತಿಕೆಯ ಆಸುಪಾಸು, ಮಾಘದ ಹುಣ್ಣಿಮೆ ಮಘೆಯ ಆಸುಪಾಸು. ಕಾರ್ತಿಕ ದೀಪ ಹಚ್ಚಿ ಮೇಲೆ ನೋಡಿದರೆ ಪೂರ್ವದಲ್ಲಿ ಚಂದ್ರನ ಹತ್ತಿರ ಒಂದು ಹಿಡಿ ಮಂಕು ಚುಕ್ಕಿ. ನಾನು ನಲವತ್ತು ವರ್ಷ ದೀಪ ಹಚ್ಚಿದ್ದೆ, ಒಂದು ಸಲವೂ ಮೇಲೆ ನೋಡಿರಲಿಲ್ಲ.

ಅಲ್ಲಿಂದ ಇಲ್ಲಿಗೆ ದಾರಿ

ಐದು ಮುಖ ಗೊತ್ತಾದರೆ ಉಳಿದದ್ದು ದಾರಿ ಕೇಳಿಕೊಂಡು ಹೋದ ಹಾಗೆ. ಫೆಬ್ರವರಿ ಮಧ್ಯದಲ್ಲಿ ರಾತ್ರಿ ಒಂಬತ್ತಕ್ಕೆ ನಿಂತುಕೊಳ್ಳಿ. ಒಂದೇ ಸಾಲಿನಲ್ಲಿ ಮೂರು ಚುಕ್ಕಿ, ಸಮ ಅಂತರ. ಅದು ಮಹಾವ್ಯಾಧ (ಓರಿಯನ್) ಅನ್ನುವ ಬೇಟೆಗಾರ ನಕ್ಷತ್ರಪುಂಜದ ಸೊಂಟದ ಪಟ್ಟಿ. ಆ ಗೆರೆಯನ್ನು ಒಂದು ಕಡೆ ಎಳೆದರೆ ಲುಬ್ಧಕ. ರಾತ್ರಿ ಆಕಾಶದ ನಕ್ಷತ್ರಗಳಲ್ಲಿ ಎಲ್ಲಕ್ಕಿಂತ ಪ್ರಕಾಶ ಅದರದ್ದು. ಇನ್ನೊಂದು ಕಡೆ ಎಳೆದರೆ ರೋಹಿಣಿ, ಇನ್ನೂ ಮುಂದೆ ಕೃತ್ತಿಕೆ. ಪಟ್ಟಿಯ ಉತ್ತರಕ್ಕೆ ಕೆಂಪು ಭುಜ ಆರಿದ್ರಾ.

ಈಗ ಲುಬ್ಧಕನಿಂದ ನೇರ ಕೆಳಗೆ, ದಕ್ಷಿಣಕ್ಕೆ ಇಳಿಯಿರಿ. ದಿಗಂತದಿಂದ ಎರಡು ಮುಷ್ಟಿಗಿಂತ ಸ್ವಲ್ಪ ಮೇಲೆ ಒಂಟಿ ದೀಪದ ಹಾಗೆ ಒಂದು ನಕ್ಷತ್ರ. ಅಗಸ್ತ್ಯ. ಪ್ರಕಾಶದಲ್ಲಿ ಎರಡನೆಯದು. ದೆಹಲಿಯಲ್ಲಿ ಅದು ಒಂದು ಮುಷ್ಟಿಯಷ್ಟೂ ಮೇಲೇರುವುದಿಲ್ಲ. ದಕ್ಷಿಣ ತೆರೆದಿರಲಿ ಅಂದದ್ದು ಇದಕ್ಕೇ. ಮೇ ಮಧ್ಯದಲ್ಲಿ ಒಂಬತ್ತೂವರೆಗೆ ಅದೇ ದಕ್ಷಿಣದಲ್ಲಿ, ಒಂದೂವರೆ ಮುಷ್ಟಿ ಎತ್ತರದಲ್ಲಿ ತ್ರಿಶಂಕು ನಿಂತಿರುತ್ತಾನೆ. ಸಣ್ಣ ಗಾಳಿಪಟದ ಹಾಗೆ ನಾಲ್ಕು ಚುಕ್ಕಿ. ಅವನ ಎಡಗಡೆ ಎರಡು ದೊಡ್ಡ ಚುಕ್ಕಿ. ಅದರಲ್ಲಿ ತ್ರಿಶಂಕುವಿನಿಂದ ದೂರದ್ದು ಆಲ್ಫಾ ಸೆಂಟಾರಿ, ಬರಿಗಣ್ಣಿಗೆ ಕಾಣುವ ನಕ್ಷತ್ರಗಳಲ್ಲಿ ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ್ದು. ಬೆಳಕು ಅಲ್ಲಿಂದ ಬರಲು ನಾಲ್ಕು ವರ್ಷದ ಮೇಲೆ ಬೇಕು.

ಅದೇ ಮೇ ರಾತ್ರಿ ತಿರುಗಿ ನಿಂತರೆ ಉತ್ತರದಲ್ಲಿ ಸಪ್ತರ್ಷಿಗಳು, ನಾಲ್ಕು ಚುಕ್ಕಿಯ ಚೌಕ, ಮೂರು ಚುಕ್ಕಿಯ ಬಾಲ. ಇಲ್ಲಿ ನನ್ನ ಧ್ರುವನಿಗೆ ಬರುತ್ತೇನೆ. ಸಪ್ತರ್ಷಿ ಚೌಕದ ಮುಂದಿನ ಎರಡು ಚುಕ್ಕಿ, ಪುಲಹ ಮತ್ತು ಕ್ರತು. ಪುಲಹನಿಂದ ಕ್ರತುವಿಗೆ ಗೆರೆ ಎಳೆದು, ಅದೇ ಅಂತರವನ್ನು ಇನ್ನೂ ಐದು ಸಲ ಮುಂದುವರಿಸಿ. ಸಿಗುವ ಒಂಟಿ ಚುಕ್ಕಿ ಧ್ರುವ. ಅದೇನೂ ಮಹಾ ಪ್ರಕಾಶದ ನಕ್ಷತ್ರ ಅಲ್ಲ, ಮೊದಲ ನಲವತ್ತರ ಪಟ್ಟಿಯಲ್ಲೂ ಬರುವುದಿಲ್ಲ. ಊರಿನ ಅಕ್ಷಾಂಶ ಎಷ್ಟೋ ಅಷ್ಟೇ ಅದರ ಎತ್ತರ. ನಮಗೆ ಸುಮಾರು 14 ಡಿಗ್ರಿ, ಒಂದೂವರೆ ಮುಷ್ಟಿ. ನಮ್ಮ ಅಂಗಳದಿಂದ ಅದು ಯಾವತ್ತೂ ಕಾಣುವುದಿಲ್ಲ, ಉತ್ತರಕ್ಕೆ ತೋಟ. ಗದ್ದೆಯ ಮೂಲೆಯಲ್ಲಿ ನೀರಿನ ಮೋಟರ್ ಮನೆ ಪಕ್ಕ ನಿಂತಾಗ ಎರಡು ಮರಗಳ ನಡುವೆ ಮೊದಲ ಸಲ ಸಿಕ್ಕಿತು. ಎರಡು ಗಂಟೆ ಬಿಟ್ಟು ಮತ್ತೆ ಹೋಗಿ ನೋಡಿದೆ. ಸಪ್ತರ್ಷಿ ಪಶ್ಚಿಮಕ್ಕೆ ವಾಲಿದ್ದ. ಇದು ಅದೇ ಎರಡು ಮರಗಳ ನಡುವೆ ಇತ್ತು.

ಸಪ್ತರ್ಷಿಯ ಬಾಲದ ಬಿಲ್ಲನ್ನು ಹಾಗೇ ಮುಂದಕ್ಕೆ ಬಾಗಿಸಿದರೆ ಸ್ವಾತಿ, ಇನ್ನೂ ಮುಂದೆ ಚಿತ್ತಾ, ಅದರ ಪಕ್ಕದಲ್ಲಿ ಅಂಗೈ ಹಾಗೆ ಹಸ್ತಾ. ಬಾಲದ ಮಧ್ಯದ ಚುಕ್ಕಿ ವಸಿಷ್ಠ. ಅವನಿಗೆ ಒತ್ತಿಕೊಂಡಿರುವ ಪುಟ್ಟ ಚುಕ್ಕಿ ಅರುಂಧತಿ.

ನಮ್ಮ ನಾದಿನಿಯ ಮಗಳ ಮದುವೆ ಮೇ ತಿಂಗಳಲ್ಲಿ, ಮಧ್ಯಾಹ್ನ ಹನ್ನೆರಡರ ಮುಹೂರ್ತ. ಭಟ್ರು ಗಂಡು–ಹೆಣ್ಣನ್ನು ಹೊರಗೆ ನಿಲ್ಲಿಸಿ ಬೆರಳು ಮೇಲೆ ಮಾಡಿ, "ಅರುಂಧತಿ ಕಾಣ್ತಾ?" ಅಂದರು. "ಕಾಣ್ತು" ಅಂದಳು ಮದುಮಗಳು. ಎಲ್ಲರೂ ಹಾಗೇ ಅನ್ನುವುದು. ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. ಮೇ ತಿಂಗಳ ಮಧ್ಯಾಹ್ನ ಅರುಂಧತಿ ನಮ್ಮ ದಿಗಂತದ ಕೆಳಗೆ, ಮೂಡುವುದೇ ಎರಡು–ಮೂರು ಗಂಟೆ ಬಿಟ್ಟು. ರಾತ್ರಿ ಊಟವಾದ ಮೇಲೆ ಇಬ್ಬರನ್ನೂ ಗದ್ದೆಗೆ ಕರೆದೊಯ್ದೆ. ಸಪ್ತರ್ಷಿ ಉತ್ತರದಲ್ಲಿ ಎತ್ತರಕ್ಕೆ ಬಂದಿತ್ತು. ಹುಡುಗ ಕನ್ನಡಕ ಹಾಕಿದಾಗ ಎರಡು ಚುಕ್ಕಿ, ತೆಗೆದರೆ ಒಂದೇ. ಅವಳು ಬಹಳ ಹೊತ್ತು ನೋಡಿ, "ಅತ್ತೆ, ಮಧ್ಯಾಹ್ನ ನಾನು ಸುಳ್ಳು ಹೇಳಿದೆ" ಅಂದಳು.

ದೂರದರ್ಶಕ ಈಗಲೇ ಬೇಡ

ಮೊದಲ ವರ್ಷ ಬರಿಗಣ್ಣು ಸಾಕು. ಎರಡನೇ ವರ್ಷಕ್ಕೆ ಬೈನಾಕ್ಯುಲರ್, 7×50 ಅಥವಾ 10×50. ಮೊದಲ ಸಂಖ್ಯೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಕೈ ನಡುಗದ ಹಾಗೆ ಕಂಬಕ್ಕೆ ಒರಗಿ ನಿಂತರೆ ಗುರುವಿನ ನಾಲ್ಕು ಚಂದ್ರರೂ ಸಿಗುತ್ತವೆ. 1610ರಲ್ಲಿ ಗೆಲಿಲಿಯೊ ಕಂಡವೇ ಅವು. ಚಂದ್ರನನ್ನು ನೋಡುವುದಾದರೆ ಪಂಚಮಿಯಿಂದ ಅಷ್ಟಮಿ ತನಕ. ಬೆಳಕು–ನೆರಳಿನ ಗಡಿಯಲ್ಲಿ ಕುಳಿಗಳು ಎದ್ದು ಕಾಣುತ್ತವೆ. ಹುಣ್ಣಿಮೆ ಚಂದ್ರ ಸಪ್ಪೆ.

ನಾನು ಆಸೆಗೆ ಬಿದ್ದು ಕಾಲು ಇರುವ ಒಂದು ಸಣ್ಣ ಟೆಲಿಸ್ಕೋಪ್ ಆನ್‌ಲೈನಿನಲ್ಲಿ ತರಿಸಿದ್ದೆ. ಡಬ್ಬದ ಮೇಲೆ ಶನಿಯ ಬಳೆಯ ಚಿತ್ರ ಬಣ್ಣಬಣ್ಣವಾಗಿತ್ತು. ಅದರ ಕಾಲು ಗಾಳಿಗೆ ಅಲ್ಲಾಡಿ ಶನಿ ಕುಣಿಯುತ್ತಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಮಳೆಗಾಲದಲ್ಲಿ. ಕಪಾಟಿನಲ್ಲಿಟ್ಟು ಮರೆತೆ. ದಸರಾಕ್ಕೆ ತೆಗೆದರೆ ಗಾಜಿನ ಮೇಲೆ ಜೇಡರ ಬಲೆ ಹಾಗೆ ಬೂಷ್ಟು. ಒರೆಸಿದರೆ ಗೀರು ಬಿತ್ತು. ಚರ್ಮದ ಚಪ್ಪಲಿಯೇ ವಾರದಲ್ಲಿ ಬೆಳ್ಳಗಾಗುವ ಊರು, ಗಾಜನ್ನು ಬಿಡುತ್ತದೆಯೇ?

ಈಗ ಬೈನಾಕ್ಯುಲರ್ ಇರುವುದು ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಜೊತೆಗೆ ಸಿಲಿಕಾ ಜೆಲ್ ಒಂದು ಹಿಡಿ. ನೀಲಿ ಹರಳು ಗುಲಾಬಿ ಆದರೆ ತೇವ ಕುಡಿದಿದೆ ಅಂತ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಆ ಬಾಣಲೆ ಅಡುಗೆಗೆ ಬೇಡ. ಜನವರಿಯಲ್ಲಿ ಇಬ್ಬನಿ ಇನ್ನೊಂದು ಕಾಟ. ಗಾಜು ಮಂಜಾದರೆ ಉಜ್ಜಬೇಡಿ, ಶಾಲಿನೊಳಗೆ ಇಟ್ಟು ಬೆಚ್ಚಗಾಗಲು ಬಿಡಿ.

ಮೊಬೈಲಿಗೆ ಸ್ಟೆಲೇರಿಯಂ ಹಾಕಿಕೊಳ್ಳಿ. ನಿಮ್ಮ ಊರು, ಹೊತ್ತು ಕೊಟ್ಟರೆ ಆಕಾಶ ತೋರಿಸುತ್ತದೆ, ಕೆಂಪು ಪರದೆಯೂ ಇದೆ. ಆದರೆ ಮನೆಯಲ್ಲಿ ನೋಡಿಕೊಂಡು ಹೋಗಿ, ಗದ್ದೆಯಲ್ಲಿ ಜೇಬಿನಲ್ಲಿರಲಿ. ಬಿಡುವಾದಾಗ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯಕ್ಕೋ, ಘಟ್ಟ ಇಳಿದು ಮಂಗಳೂರಿನ ಪಿಲಿಕುಳದ ತಾರಾಲಯಕ್ಕೋ ಒಮ್ಮೆ ಹೋಗಿಬನ್ನಿ.

ಇನ್ನೊಬ್ಬರಿಗೆ ತೋರಿಸುವುದು

ಲಡಾಖ್‌ನ ಹಾನ್ಲೆಯಲ್ಲಿ ವೀಕ್ಷಣಾಲಯದ ಸುತ್ತಲಿನ ಹಳ್ಳಿಯವರಿಗೇ ತರಬೇತಿ ಕೊಟ್ಟು, ಟೆಲಿಸ್ಕೋಪ್ ಕೊಟ್ಟು, ಬಂದವರಿಗೆ ಆಕಾಶ ತೋರಿಸುವ ಕೆಲಸ ಮಾಡಿಸುತ್ತಿದ್ದಾರೆ. ಅದನ್ನು ಓದಿದ ಮೇಲೆ ನನಗೂ ಧೈರ್ಯ ಬಂತು.

ಕತ್ತಲೆಯೇ ನಮ್ಮ ಸರಕು. ಆದ್ದರಿಂದ ಮೊದಲು ನಿಮ್ಮದೇ ಗೇಟಿನ ದೀಪ, ಮರಕ್ಕೆ ಸುತ್ತಿದ ಸೀರಿಯಲ್ ಲೈಟು ಆರಿಸಿ. ಅಮಾವಾಸ್ಯೆಯ ಹಿಂದುಮುಂದಿನ ವಾರ ನೋಡಿ ಬುಕಿಂಗ್ ತಗೊಳ್ಳಿ. ಹುಣ್ಣಿಮೆ ದಿನ ಬಂದವರಿಗೆ ಮೊದಲೇ ಹೇಳಿಬಿಡಿ, ಇವತ್ತು ಚಂದ್ರ ಮಾತ್ರ ಅಂತ.

ಒಂದು ರಾತ್ರಿಗೆ ಮೂರು ವಿಷಯ ಸಾಕು. ನಾನು ಮೊದಲೆಲ್ಲ ಇಪ್ಪತ್ತು ಹೆಸರು ಹೇಳಿ ಸುಸ್ತು ಮಾಡುತ್ತಿದ್ದೆ. ಬೆಳಿಗ್ಗೆ ತಿಂಡಿ ಹೊತ್ತಿಗೆ ಅವರಿಗೆ ಒಂದೂ ನೆನಪಿರುತ್ತಿರಲಿಲ್ಲ. ಈಗ ಮೊದಲ ಇಪ್ಪತ್ತು ನಿಮಿಷ ಏನೂ ತೋರಿಸುವುದಿಲ್ಲ. ಕಷಾಯ ಕೊಡುತ್ತೇನೆ, ಸುಮ್ನೆ ಕೂರಿಸುತ್ತೇನೆ. ಕಣ್ಣು ಒಗ್ಗಿದ ಹಾಗೆ ಅವರೇ "ಅಯ್ಯೋ, ಎಷ್ಟೊಂದು!" ಅನ್ನುತ್ತಾರೆ. ಆಮೇಲೆ ನನ್ನ ಕೆಲಸ.

ಎಲ್ಲರಿಗೂ ಇಷ್ಟವಾಗುವುದು ವಯಸ್ಸಿನ ಆಟ. ಲುಬ್ಧಕನ ಬೆಳಕು ನಮಗೆ ಮುಟ್ಟಲು ಎಂಟೂವರೆ ವರ್ಷ ಬೇಕು. ಶ್ರವಣದ್ದು 17, ಅಭಿಜಿತ್‌ನದು 25, ಸ್ವಾತಿಯದು 37, ರೋಹಿಣಿಯದು ಸುಮಾರು 65. ಮಗುವಿಗೆ ಲುಬ್ಧಕ, ಕಾಲೇಜು ಹುಡುಗನಿಗೆ ಶ್ರವಣ. "ನೀವು ಹುಟ್ಟಿದಾಗ ಹೊರಟ ಬೆಳಕು ಈಗ ನಮ್ಮ ಗದ್ದೆಗೆ ಬಂತು" ಅಂದರೆ ಮಾತು ನಿಲ್ಲುತ್ತದೆ. ಅರವತ್ತೈದರ ಒಬ್ಬ ಅಜ್ಜಿ ರೋಹಿಣಿಗೆ ಕೈ ಮುಗಿದಿದ್ದರು. ಎಲ್ಲ ಒಂದೇ ರಾತ್ರಿ ಒಂಬತ್ತಕ್ಕೆ ಇರುವುದಿಲ್ಲ, ಆ ಹೊತ್ತಿಗೆ ಯಾವುದಿದೆ ಅಂತ ಸಂಜೆಯೇ ನೋಡಿಟ್ಟುಕೊಳ್ಳಿ.

ಹಸಿರು ಲೇಸರ್ ಕಡ್ಡಿ ಅನುಕೂಲ ಹೌದು, ಆದರೆ ಅದು ಆಟಿಕೆ ಅಲ್ಲ. ಮಕ್ಕಳ ಕೈಗೆ ಕೊಡಬೇಡಿ, ಯಾರ ಮುಖದ ಕಡೆಗೂ ಬೇಡ. ಶಿವಮೊಗ್ಗದ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇದೆ. ವಿಮಾನದ ಸದ್ದು ಕೇಳಿದರೆ ಆರಿಸಿಬಿಡಿ, ಪೈಲಟ್ ಕಣ್ಣಿಗೆ ಅದು ಅಪಾಯ. ನಾನು ಹೆಚ್ಚಾಗಿ ಅಡಿಕೆ ಕೊಯ್ಯುವ ಹಳೇ ದೋಟಿಯನ್ನೇ ಎತ್ತಿ ತೋರಿಸುತ್ತೇನೆ.

ಮಿಣುಕದೆ ಸರಸರ ಸಾಗುವ ಚುಕ್ಕಿ ಕಂಡರೆ "ಅದೇನು?" ಅಂತ ಕೇಳೇ ಕೇಳುತ್ತಾರೆ. ಉಪಗ್ರಹ. ಅಂತರಿಕ್ಷ ನಿಲ್ದಾಣವಾದರೆ ಸುಮಾರು 400 ಕಿಲೋಮೀಟರ್ ಎತ್ತರ, ಒಂದೂವರೆ ಗಂಟೆಗೆ ಭೂಮಿಗೊಂದು ಸುತ್ತು. ಜಾತಕದ ಪ್ರಶ್ನೆಯೂ ಬರುತ್ತದೆ. "ನನ್ನದು ಮೂಲಾ ನಕ್ಷತ್ರ, ಏನಾದರೂ ದೋಷ ಇದೆಯಾ?" ಅಂತ ಒಬ್ಬಳು ಹುಡುಗಿ ತಗ್ಗಿದ ದನಿಯಲ್ಲಿ ಕೇಳಿದ್ದಳು. ನಾನು ಜ್ಯೋತಿಷ್ಯ ಹೇಳುವುದಿಲ್ಲ. ರಾತ್ರಿ ಹನ್ನೆರಡರ ತನಕ ಅವಳನ್ನು ಕೂರಿಸಿ, ವೃಶ್ಚಿಕದ ಕೊಂಡಿಯನ್ನೂ ಅದರ ಪಕ್ಕ ಆಕಾಶಗಂಗೆ ದಪ್ಪವಾಗುವ ಜಾಗವನ್ನೂ ತೋರಿಸಿದೆ. ನಮ್ಮ ಗ್ಯಾಲಕ್ಸಿಯ ನಡುಭಾಗ ಇರುವುದು ಆ ದಿಕ್ಕಿನಲ್ಲೇ. "ನಿನ್ನ ನಕ್ಷತ್ರ ಕೂತಿರೋ ಜಾಗ ನೋಡು" ಅಂದೆ. ಅವಳು ದೋಷದ ಮಾತು ಮತ್ತೆ ಎತ್ತಲಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. 2020ರ ಜನವರಿಯಲ್ಲಿ ಆರಿದ್ರಾ ನನ್ನ ಕಣ್ಣಿಗೆ ರೋಹಿಣಿಗಿಂತ ಮಂಕಾಗಿ ಕಂಡಿತು. ಕನ್ನಡಕ ಒರೆಸಿದೆ, ಹಾಗೇ ಇತ್ತು. ಅತಿಥಿಗಳಿಗೆ "ಇದು ಯಾಕೋ ಸರಿ ಇಲ್ಲ, ನೋಡಿ ಹೇಳ್ತೀನಿ" ಅಂದೆ. ಆಮೇಲೆ ಪತ್ರಿಕೆಯಲ್ಲಿ ಬಂತು, ಜಗತ್ತಿನ ಖಗೋಳ ವಿಜ್ಞಾನಿಗಳೆಲ್ಲ ಅದನ್ನೇ ನೋಡುತ್ತಾ ಕೂತಿದ್ದರು. ನಕ್ಷತ್ರ ಉಗುಳಿದ ಅನಿಲ ತಣ್ಣಗಾಗಿ ದೂಳಾಗಿ ಅದರ ಬೆಳಕಿಗೆ ಅಡ್ಡ ಬಂದಿತ್ತು ಅಂತ ಮುಂದೆ ತಿಳಿಯಿತು. ನಾನು ಯಂತ್ರ ಇಲ್ಲದೆ, ಗದ್ದೆ ಅಂಚಿನಲ್ಲಿ ನಿಂತು ಅದನ್ನು ಕಂಡಿದ್ದೆ!

ಡಿಸೆಂಬರ್ 13–14ರ ರಾತ್ರಿ ಬಿಡುವು ಮಾಡಿಕೊಳ್ಳಿ. ಪುನರ್ವಸು ನಕ್ಷತ್ರದ ಕಡೆಯಿಂದ ಉಲ್ಕೆಗಳು ಬೀಳುತ್ತವೆ, ಮಧ್ಯರಾತ್ರಿ ಕಳೆದ ಮೇಲೆ ಜಾಸ್ತಿ. ಆಗಸ್ಟ್‌ನ ಉಲ್ಕೆ ಮಳೆ ನಮಗೆ ಬರೀ ಮಳೆ. ಮೋಡ ಕವಿದ ರಾತ್ರಿ ಅತಿಥಿಗಳ ಮುಖ ಬಾಡುತ್ತದೆ. ಮೇ ಕೊನೆಯಾದರೆ ಹಳ್ಳದ ದಾರಿಯ ಮಿಂಚುಹುಳ ತೋರಿಸಿ.

ಜೂನ್ ಬಂದರೆ ಬೈನಾಕ್ಯುಲರ್ ಡಬ್ಬಿ ಸೇರುತ್ತದೆ. ಆದರೂ ಹೋದ ವರ್ಷ ಮಘೆ ಮಳೆಯಲ್ಲಿ ಒಂದು ದಿನ ನಸುಕಿನ ನಾಲ್ಕೂವರೆಗೆ ಅತ್ತೆ ಬಂದು ಬಾಗಿಲು ಬಡಿದರು. ಹೊರಗೆ ಹೊಳವಾಗಿತ್ತು, ತೋಟದಿಂದ ನೀರು ತೊಟ್ಟಿಕ್ಕುತ್ತಿತ್ತು. ಪೂರ್ವದಲ್ಲಿ, ಕೊಟ್ಟಿಗೆ ಮಾಡಿನ ಮೇಲೆ ಮೂರು ಚುಕ್ಕಿ ಒಂದರ ಮೇಲೊಂದು ನಿಂತಿದ್ದವು, ಎಡಕ್ಕೆ ಕೆಂಪಗೆ ಒಂದು. "ನೋಡು, ನಿನ್ನ ಆರಿದ್ರಾ ವಾಪಸ್ ಬಂತು" ಅಂದರು. ಬೈನಾಕ್ಯುಲರ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮೋಡ ಮುಚ್ಚಿತ್ತು.